ಹೇಳದೆ ಹೊರಡಬೇಕೆಂದವಳು

ಚರ್ಚಿನ ಮೂಲಕ ಒಂದು ವರ್ಷದ ಸ್ವಯಂಸೇವೆಗೆಂದು ಜರ್ಮನಿಗೆ ಹೋದ ನಮ್ಮ ಭಾಗದ ಮಕ್ಕಳ ಕರೆ ಆಪ್ತಸಲಹೆಗಾರ್ತಿಯಾದ ನನಗೆ ಎರಡು ಹೊತ್ತಿನಲ್ಲಿ ಬರುತ್ತದೆ: ಹೋದ ಹೊಸದರಲ್ಲಿ, ಆಮೇಲೆ ಮರಳಲು ತಿಂಗಳೊಪ್ಪತ್ತು ಇರುವಾಗ. ಮೊದಲನೆಯದಕ್ಕೆ ಮನೆಯವರು ಸಜ್ಜಾಗಿರುತ್ತಾರೆ. ಎರಡನೆಯದನ್ನು ಊರಿಗೆ ಬರುವ ಸಡಗರ ಎಂದುಕೊಂಡು ಬಿಟ್ಟುಬಿಡುತ್ತಾರೆ. ಈ ಪ್ರಕರಣ ಎರಡನೆಯ ಬಗೆಯದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗಿ ಧಾರವಾಡದವಳು. ಇಲ್ಲಿಯ ಕ್ರೈಸ್ತ ಸಭೆಗೆ ಆ ಸೀಮೆಯ ನಂಟು ಹಳೆಯದು, ಜರ್ಮನ್ ಪಾದ್ರಿಗಳಿದ್ದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂದಾಗಿನದು. ಜರ್ಮನಿಯಲ್ಲಿ ಚರ್ಚ್ ನಡೆಸುವ ವೃದ್ಧಾಶ್ರಮದಲ್ಲಿ ಅವಳ ಕೆಲಸ: ಹಾಸಿಗೆ ಸರಿಮಾಡುವುದು, ತಿಂಡಿ ತಿನ್ನಿಸುವುದು, ನುಂಗಲು ತೊಂದರೆ ಇರುವವರ ನೀರಿಗೆ ಗಟ್ಟಿ ಮಾಡುವ ಪುಡಿ ಕಲಸುವುದು. ಕೊನೆ ಹತ್ತಿರವಾದಂತೆ ನಿದ್ದೆ ಹಾರಿತು, ಮೇಲಿಂದ ಮೇಲೆ ರಜೆ ಹಾಕತೊಡಗಿದಳು.

ಮೊದಲೆರಡು ಕರೆಯಲ್ಲಿ ಲಗೇಜಿನ ತೂಕ, ಅವ್ವ ಕಳಿಸಿದ ಸಾಮಾನಿನ ಪಟ್ಟಿ, ಇವೇ ಮಾತು. ಮುಂದಿನದರಲ್ಲಿ, "ಅಕ್ಕಾರ, ನಾ ಯಾರಿಗೂ ಹೇಳದ ಹೊಂಟ ಬರ್ತೇನ್ರಿ. ಆ ಅಜ್ಜಿಗೆ ಹೆಂಗೂ ನೆನಪ ಇರೂದಿಲ್ಲ" ಎಂದಳು. ಮರೆವಿನ ಕಾಯಿಲೆಯ ಆ ಅಜ್ಜಿ ಇವಳ ಕೈಯಿಂದ ಮಾತ್ರ ತಿನ್ನುತ್ತಿದ್ದರು. ಪಾಳಿ ಮುಗಿದಾಗ ಏಪ್ರನ್ನಿನ ಲಾಡಿ ಹಿಡಿದು ದಿನಾ ಒಂದೇ ಪ್ರಶ್ನೆ: ನಾಳೆ ಬರ್ತೀಯಾ? ಇವಳದು ದಿನಾ "ಹೂಂ".

"ನೆನಪ ಇರೂದಿಲ್ಲ ಅಂದಮ್ಯಾಲೆ ಹೇಳಾಕ ಯಾಕ ಅಂಜ್ತಿ?"

ಬಹಳ ಹೊತ್ತು ಸುಮ್ಮನಿದ್ದು ಅಂದಳು: "ನನಗ ನೆನಪ ಇರ್ತದಲ್ರಿ."

ಇಲ್ಲಿ ನಾನು ನೇರವಾಗಿ ದಾರಿ ಹೇಳಿದೆ. ಆಪ್ತಸಲಹೆಗಾರರು ಬರೀ ಕೇಳಿಸಿಕೊಳ್ಳಬೇಕು ಎನ್ನುವವರಿದ್ದಾರೆ. ಟಿಕೆಟ್ ಆಗಿ ಕೂತವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಹೇಳಿ ಹೊರಡುವುದೂ ಸೇವೆಯ ಪಾಲೇ ಎಂಬುದು ನನ್ನ ನಂಬಿಕೆ; ಅದನ್ನು ಬಚ್ಚಿಟ್ಟು ಸಲಹೆ ಕೊಡಲು ನನಗೆ ಬರುವುದಿಲ್ಲ.

ಅವಳಿಗೆ ಹೇಳಿದ್ದು ಇಷ್ಟು: ಬುದ್ಧಿ ಚುರುಕಿರುವ ಹಿರಿಯರಿಗೆ ಮೂರ್ನಾಲ್ಕು ವಾರ ಮೊದಲೇ ತಾರೀಕು ತಿಳಿಸಬೇಕು. ಮರೆವಿನವರಿಗೆ ಅಷ್ಟು ಬೇಗ ಬೇಡ. ಪ್ರತಿ ಸಲವೂ ಹೊಸ ಸುದ್ದಿಯಾಗಿ ಪ್ರತಿ ಸಲವೂ ನೋಯುತ್ತದೆ. ಕೊನೆಯ ಒಂದೆರಡು ದಿನ ಸಾಕು. ಆದರೆ ಕೈ ಬದಲಿಸುವ ಕೆಲಸ ಎರಡು ವಾರ ಮೊದಲೇ ಶುರುವಾಗಬೇಕು. ಮುಂದೆ ನೋಡಿಕೊಳ್ಳುವವರನ್ನು ಪಕ್ಕದಲ್ಲಿ ಕೂಡಿಸಿಕೋ. ಮೊದಲು ಚಮಚ ನಿನ್ನ ಕೈಲಿ, ಮಾತು ಅವರದು. ನಾಲ್ಕು ದಿನ ಬಿಟ್ಟು ಚಮಚ ಅವರಿಗೆ, ನೀ ಬರೀ ಪಕ್ಕದಲ್ಲಿ. ಆಮೇಲೆ ಅರ್ಧ ಊಟಕ್ಕೆ ಎದ್ದು ಹೊರಗೆ ಹೋಗು. ಅಜ್ಜಿ ಯಾವ ಕಡೆಯಿಂದ ತುತ್ತು ತಗೋತಾರೆ, ಎಷ್ಟು ಹೊತ್ತು ಬಿಟ್ಟು ಮುಂದಿನದು, ಬರೆದುಕೊಡು. "ಮತ್ತೆ ಬರ್ತೇನೆ" ಅನ್ನಬೇಡ. ನಡೆದದ್ದು ಮರೆತರೂ ಅದು ಎಬ್ಬಿಸಿದ ಕಳವಳ ಅವರಲ್ಲಿ ಉಳಿಯುತ್ತದೆ. ನಿವಾಸಿಗಳಿಂದ ದುಡ್ಡಂತೂ ಮುಟ್ಟಬೇಡ.

ಕೊನೆಯದು ಉಪಯೋಗಕ್ಕೆ ಬಂತು. ವಿಷಯ ಹೇಳಿದಾಗ ಅಜ್ಜಿ ಅಳಲಿಲ್ಲ. ಊರಿಗೆ ಹೋಗಲು ದುಡ್ಡಿದೆಯೇ ಎಂದು ಪರ್ಸ್ ಹುಡುಕಿದರಂತೆ.

ಕಾಗದಪತ್ರದ ಮಾತು ಚಿಕ್ಕದು. ಅಲ್ಲಿಯ ನಗರ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸುವುದು ಮನೆ ಬಿಡುವ ವಾರಕ್ಕಿಂತ ಮುಂಚೆ ಆಗದು, ಬಿಟ್ಟು ಎರಡು ವಾರ ಮೀರಬಾರದು. ಹೊರಡುವ ವಾರದಲ್ಲೇ ಒಂದು ದಿನ ಇದಕ್ಕೆಂದು ಬಿಡಿಸಿಟ್ಟುಕೊಳ್ಳುವುದು ಲೇಸು. ಬ್ಯಾಂಕ್ ಖಾತೆ ಮೊದಲೇ ಮುಚ್ಚಿದರೆ ಕೊನೆಯ ತಿಂಗಳ ಕೈಖರ್ಚಿನ ಹಣ ಬಂದು ಬೀಳಲು ಜಾಗವಿರುವುದಿಲ್ಲ. ಸೇವಾಪತ್ರದಲ್ಲಿ ಬರೀ ತಾರೀಕು ಸಾಲದು, ಮಾಡಿದ ಕೆಲಸದ ವಿವರ ಬರೆಸಿಕೊಳ್ಳಬೇಕು.

ಇನ್ನು ಧಾರವಾಡದ ಕಡೆಯವರಿಗೆ. ಬಂದವರು ಮಂಕಾಗಿ ಕೂತರೆ "ಅಲ್ಲೀ ಗಾಳಿ ಹತ್ತೇತಿ" ಎಂದು ಚುಚ್ಚಬೇಡಿ. ಮರಳಿದ ಮೇಲೆ ಮನಸ್ಸು ಎರಡನೇ ಸಲ ಕುಸಿಯುವುದನ್ನು ಸಂಶೋಧಕರು 1963ರಲ್ಲೇ ಡಬ್ಲ್ಯೂ ಆಕಾರದ ರೇಖೆ ಎಂದು ವಿವರಿಸಿದ್ದಾರೆ. ಎರಡು ತಿಂಗಳಾದರೂ ನಿದ್ದೆ, ಊಟ ಹಳಿಗೆ ಬರದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಬದುಕು ಬೇಡವೆಂಬ ಮಾತು ಬಂದರೆ ಅಂದೇ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಇದೆ.

ಬಂದ ಮೊದಲ ಭಾನುವಾರವೇ ಚರ್ಚಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಸಾಕ್ಷಿ, ಅಂದರೆ ಅನುಭವದ ಮಾತು, ಹೇಳಿಸುವ ಆತುರವೂ ಬೇಡ. ಆಗ ಬಾಯಿಗೆ ಬರುವುದು ಸಿದ್ಧ ಮಾತು ಮಾತ್ರ, ಆಮೇಲೆ ಅದನ್ನೇ ಎಲ್ಲ ಕಡೆ ಹೇಳಬೇಕಾಗುತ್ತದೆ. ಹುಡುಗಿಗೆ ಅಲ್ಲಿಂದಲೇ ಸಭಾಪಾಲಕರಿಗೆ (ಚರ್ಚಿನ ಪಾದ್ರಿಗೆ) ಫೋನ್ ಮಾಡಿ ಒಂದು ತಿಂಗಳ ಬಿಡುವು ಕೇಳು ಎಂದಿದ್ದೆ. ಅವರು ಮೊದಲು ಬೇಸರಪಟ್ಟರು, ಆಮೇಲೆ ಒಪ್ಪಿದರು.