‘ಶಕ್ತಿ’ಯ ತಲೆಯ ಮೇಲೆ ಮೂರು ಹೊರೆ

ಓದುಗರ ಪತ್ರ: ಕಳೆದ ಸಂಚಿಕೆಯ ದೈಹಿಕ ಶಿಕ್ಷಣದ ಲೇಖನದಲ್ಲಿ ದೈಹಿಕ ಚಟುವಟಿಕೆ, ವ್ಯಾಯಾಮ, ದೈಹಿಕ ಕ್ಷಮತೆ ಎಂದು ಬೇರೆ ಬೇರೆ ಮಾಡಿದ್ದೀರಿ. ಬೆವರು ಬಂದರೆ ಸಾಲದೇ? ಕೂದಲು ಸೀಳುವುದೇಕೆ? ‘ಶಕ್ತಿ’ ಎಂದರೇನೆಂದು ಮಾತ್ರ ಲೇಖನ ಮುಗಿದರೂ ತಿಳಿಯಲಿಲ್ಲ. ಚದುರಂಗವನ್ನು ಈಜಿನ ಪಕ್ಕ ಕೂರಿಸಿದ್ದೀರಿ, ಅದೂ ಕ್ರೀಡೆಯೇ?

ಸಂಪಾದಕರ ಉತ್ತರ: ಮೊದಲು ಬೆವರಿನ ಮಾತು. ಬೆವರು ಮೈಯನ್ನು ತಂಪಾಗಿಸುವ ಏರ್ಪಾಡು, ದುಡಿಮೆಯ ಅಳತೆಗೋಲಲ್ಲ. ಸೆಕೆಯಲ್ಲಿ ಸುಮ್ಮನೆ ಕುಳಿತವರೂ ತೊಯ್ದು ಹೋಗುತ್ತಾರೆ.

ಸ್ನಾಯುಗಳು ದುಡಿದು, ದೇಹ ಚಲಿಸಿ, ಶಕ್ತಿ ಖರ್ಚಾದರೆ ಅದು ದೈಹಿಕ ಚಟುವಟಿಕೆ. ಮೆಟ್ಟಿಲು ಹತ್ತುವುದು, ನೆಲ ಒರೆಸುವುದು, ಬಸ್ ಹಿಡಿಯಲು ಓಡುವುದು ಎಲ್ಲವೂ ಇದರಲ್ಲಿ ಬಂತು. ವ್ಯಾಯಾಮ ಇದರೊಳಗಿನ ಚಿಕ್ಕ ಭಾಗ: ಮೊದಲೇ ಯೋಜಿಸಿ, ಕ್ರಮವಾಗಿ, ಮತ್ತೆ ಮತ್ತೆ, ಕ್ಷಮತೆಯನ್ನು ಬೆಳೆಸಲು ಇಲ್ಲವೇ ಉಳಿಸಿಕೊಳ್ಳಲು ಮಾಡುವಂಥದ್ದು. ಇವೆರಡೂ ನಾವು ಮಾಡುವ ಕೆಲಸಗಳು. ಕ್ಷಮತೆ, ಅಂದರೆ ಫಿಟ್‌ನೆಸ್, ಹಾಗಲ್ಲ, ಅದು ನಮ್ಮಲ್ಲಿ ಇರುವ ಗುಣ. ಈ ಗೆರೆಯನ್ನು ಸ್ಪಷ್ಟವಾಗಿ ಎಳೆದವರು ಅಮೆರಿಕದ ಸಂಶೋಧಕ ಕ್ಯಾಸ್ಪರ್ಸನ್ ಮತ್ತು ಸಂಗಡಿಗರು, 1985ರಲ್ಲಿ. ಕೂದಲು ಸೀಳಿದ್ದಕ್ಕೆ ಫಲವೂ ಇದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಮಧ್ಯಮ ತೀವ್ರತೆಯ ದೈಹಿಕ ಚಟುವಟಿಕೆಯನ್ನು. ಅದನ್ನು ‘ವ್ಯಾಯಾಮ’ ಎಂದು ಓದಿಕೊಂಡವರು, ಬಿರುಸಾಗಿ ನಡೆದು ಕೆಲಸಕ್ಕೆ ಹೋಗಿಬರುವುದನ್ನು ಲೆಕ್ಕಕ್ಕೇ ಹಿಡಿಯದೆ ಸುಮ್ಮನೆ ಕೊರಗುತ್ತಾರೆ.

‘ಶಕ್ತಿ’ಯ ವಿಷಯದಲ್ಲಿ ತಪ್ಪು ನಮ್ಮದೇ. ಕರಡು ತಿದ್ದಿದವನು ನಾನು, ಲೇಖಕರನ್ನು ದೂರಲಾರೆ. ಆಹಾರದಿಂದ ದೊರೆಯುವುದನ್ನೂ ‘ಶಕ್ತಿ’ ಎಂದೆವು, ಭಾರ ಎತ್ತುವ ಸ್ನಾಯುವಿನ ಗುಣವನ್ನೂ ‘ಶಕ್ತಿ’ ಎಂದೆವು, ಚಿಮ್ಮಿ ನೆಗೆಯುವುದಕ್ಕೂ ಅದೇ ಪದ. ಗುಂಡು ಎಸೆತವನ್ನು ನೋಡಿ. ಪುರುಷರ ಗುಂಡಿನ ತೂಕ 7.26 ಕಿಲೋ. ಅದನ್ನು ಎತ್ತಿ ಹಿಡಿಯಲು ಬಹಳ ಜನರಿಗೆ ಆಗುತ್ತದೆ, ಇಪ್ಪತ್ತು ಮೀಟರ್ ಆಚೆ ಬೀಳಿಸಲು ಬೆರಳೆಣಿಕೆಯವರಿಗೆ. ಎತ್ತುವುದಕ್ಕೆ ಬಲ ಸಾಕು. ಎಸೆಯಲು ಆ ಬಲವನ್ನು ಕ್ಷಣಾರ್ಧದಲ್ಲಿ ಸುರಿಯಬೇಕು, ಅಂದರೆ ಬಲಕ್ಕೆ ವೇಗ ಕೂಡಬೇಕು. ಇದೇ ಇಂಗ್ಲಿಷಿನ ‘ಪವರ್’. ಇಂಗ್ಲಿಷಿನವರೂ ಇಲ್ಲಿ ಎಡವಿದ್ದಾರೆಂಬುದು ನನಗೆ ಸಣ್ಣ ಸಮಾಧಾನ: ‘ಪವರ್‌ಲಿಫ್ಟಿಂಗ್’ ಎಂಬ ಹೆಸರು ಹೊತ್ತ ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್‌ಗಳಲ್ಲಿ ಭಾರ ನಿಧಾನವಾಗಿ ಮೇಲೇರುತ್ತದೆ. ನಿಜವಾದ ಪವರ್ ಕಾಣುವುದು ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್‌ನಲ್ಲಿ, ಭಾರವನ್ನು ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲಕ್ಕೆ ಎತ್ತುವ ಸ್ನ್ಯಾಚ್‌ನ ಆ ಒಂದು ಮಿಂಚಿನಲ್ಲಿ.

ಇನ್ನು ಮುಂದೆ ನಮ್ಮ ಪುಟಗಳಲ್ಲಿ ಸ್ಟ್ರೆಂಗ್ತ್‌ಗೆ ‘ಬಲ’, ಪವರ್‌ಗೆ ‘ಸ್ಫೋಟಕ ಬಲ’, ಎನರ್ಜಿಗೆ ಮಾತ್ರ ‘ಶಕ್ತಿ’. ಭೌತವಿಜ್ಞಾನದವರು ‘ಬಲ’ವನ್ನು ಆಗಲೇ ಫೋರ್ಸ್‌ಗೆ ಕೊಟ್ಟಿದ್ದಾರೆ ಎಂದು ನೀವು ತಕರಾರು ತೆಗೆಯಬಹುದು. ಸ್ನಾಯು ಹಾಕಬಲ್ಲ ಗರಿಷ್ಠ ಫೋರ್ಸೇ ಸ್ಟ್ರೆಂಗ್ತ್ ಆದ್ದರಿಂದ ಅವರೊಡನೆ ಜಗಳವೇನೂ ಆಗಲಾರದು. ವೇಗ ಮತ್ತು ಚುರುಕುತನವನ್ನೂ ನಾವು ಬೆರೆಸಿದ್ದೆವು. ನೇರ ಓಟದ ಬಿರುಸು ವೇಗ, ಓಡುತ್ತಲೇ ಆಯ ತಪ್ಪದೆ ದಿಕ್ಕು ಬದಲಿಸುವುದು ಚುರುಕುತನ.

ಚದುರಂಗದ ವಿಶ್ವ ಒಕ್ಕೂಟಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 1999ರಲ್ಲಿ ಮಾನ್ಯತೆ ನೀಡಿದೆ. ಆದ್ದರಿಂದ ಅದನ್ನು ಕ್ರೀಡೆ ಎನ್ನಲು ಅಡ್ಡಿಯಿಲ್ಲ. ನಮ್ಮ ಪಟ್ಟಿಯ ಶೀರ್ಷಿಕೆ ಮಾತ್ರ ‘ಹೃದಯಕ್ಕೆ ಹಿತವಾದ ಚಟುವಟಿಕೆಗಳು’ ಎಂದಿತ್ತು. ಅಲ್ಲಿ ಅದು ಈಜಿನ ಪಕ್ಕ ಹೇಗೆ ಬಂದು ಕುಳಿತಿತೋ, ಮುದ್ರಣಕ್ಕೆ ಹೋಗುವ ಮುನ್ನ ನಾನೇ ನೋಡಬೇಕಿತ್ತು.