ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕರ್ನಲ್ ಬಿಲ್ಡ್ ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುವುದು ಯಾಕೆ?

ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ ಎಂದು ಬರೆದಿದ್ದೀರಿ. ಅಣ್ಣ ಕೊಟ್ಟ ಕೋರ್ 2 ಡ್ಯುಯೊ ಲ್ಯಾಪ್‌ಟಾಪ್, 2 ಜಿಬಿ ರ‍್ಯಾಮ್. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕಂಪೈಲ್ ಮಾಡಲು, ಅಂದರೆ ಸೋರ್ಸ್ ಕೋಡ್‌ನಿಂದ ಬಿಲ್ಡ್ ಮಾಡಲು ಹೋದರೆ ಪ್ರತಿ ಸಲ ಬೇರೆ ಫೈಲ್‌ನಲ್ಲಿ ‘ಸೆಗ್ಮೆಂಟೇಶನ್ ಫಾಲ್ಟ್’ (ಪ್ರೋಗ್ರಾಂ ಮುಟ್ಟಬಾರದ ಮೆಮೊರಿ ಮುಟ್ಟಿ ಬೀಳುವ ದೋಷ) ಎಂದು ನಿಲ್ಲುತ್ತದೆ. ಗೆಳೆಯರೆಲ್ಲ ಹೊಸದು ತಗೋ ಎನ್ನುತ್ತಾರೆ. ದಯವಿಟ್ಟು ಇಷ್ಟು ಬೇಗ ಕೈಬಿಡಬೇಡಿ. ನಾನು ಮೂಡಿಗೆರೆಯಲ್ಲಿ ಹಳೆಯ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಇಂಥವು ಸರಿಹೋಗುತ್ತವೆ.

ನಿಮ್ಮ ಪ್ರಶ್ನೆಯಲ್ಲಿ ‘ಬೇರೆ ಫೈಲ್‌ನಲ್ಲಿ’ ಅಂತ ಬರೆದಿದ್ದೀರಲ್ಲ, ಅದೇ ದೊಡ್ಡ ಸುಳಿವು. ಸೋರ್ಸ್‌ನಲ್ಲೋ ಕಾನ್ಫಿಗ್‌ನಲ್ಲೋ (ಕರ್ನಲ್‌ನಲ್ಲಿ ಏನೇನು ಸೇರಬೇಕೆಂಬ ಪಟ್ಟಿ) ತಪ್ಪಿದ್ದರೆ ಬಿಲ್ಡ್ ಒಂದೇ ಜಾಗದಲ್ಲಿ ನಿಲ್ಲಬೇಕು. ಜಾಗ ಬದಲಾಗುತ್ತಿದ್ದರೆ ಹಾರ್ಡ್‌ವೇರ್ ಕಡೆ ನೋಡಬೇಕು. ಆದರೆ ಬಿಲ್ಡ್ ನಡೆಸುವ ‘ಮೇಕ್’ ಆದೇಶದ ಜೊತೆ ಜೆ4 (-j4) ಕೊಟ್ಟಿದ್ದರೆ ನಾಲ್ಕು ಕೆಲಸ ಒಟ್ಟಿಗೆ ಓಡುತ್ತವೆ, ನಿಂತ ಜಾಗ ಸುಮ್ನೆ ಬದಲಾದಂತೆ ಕಾಣುತ್ತದೆ. ಹಾಗಾಗಿ ಮೊದಲು ಜೆ1 ಕೊಟ್ಟು ಓಡಿಸಿ. ನಿಧಾನವಾದರೂ ಪರವಾಗಿಲ್ಲ.

ಆಗಲೂ ಜಾಗ ಬದಲಾದರೆ ರ‍್ಯಾಮ್ ಪರೀಕ್ಷಿಸಿ. ಸಿನಿಮಾ ನೋಡುವಾಗ ಸರಿಯಿರುವ ಲ್ಯಾಪ್‌ಟಾಪ್ ಕಂಪೈಲ್ ಮಾಡುವಾಗ ಯಾಕೆ ಬೀಳುತ್ತದೆ ಅಂತ ಕೇಳಿದ್ದೀರಿ. ವಿಡಿಯೊದಲ್ಲಿ ಒಂದು ಬಿಟ್ ತಪ್ಪಿದರೆ ಒಂದು ಚುಕ್ಕಿಯ ಬಣ್ಣ ಬದಲಾಗಬಹುದು, ಕಣ್ಣಿಗೆ ಬೀಳುವುದೇ ಇಲ್ಲ. ಕಂಪೈಲರ್‌ನ ಮೆಮೊರಿ ತುಂಬಾ ಪಾಯಿಂಟರ್‌ಗಳೇ, ಅಂದರೆ ಮೆಮೊರಿಯ ಬೇರೆ ಜಾಗಗಳ ವಿಳಾಸಗಳೇ. ಅದರಲ್ಲಿ ಒಂದು ಬಿಟ್ ಕೆಟ್ಟರೆ ವಿಳಾಸವೇ ತಪ್ಪಿ ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಕೆಲವು ಡಿಸ್ಟ್ರೋಗಳ (ಲಿನಕ್ಸ್‌ನ ಬೇರೆ ಬೇರೆ ರೂಪಗಳು) ಜಿಸಿಸಿ ಎಂಬ ಕಂಪೈಲರ್ ಹಾಗೆ ಬಿದ್ದಾಗ ತಾನೇ ಮತ್ತೆ ಪ್ರಯತ್ನಿಸಿ, ದೋಷ ಮತ್ತೆ ಬರದಿದ್ದರೆ ‘ಇದು ಹಾರ್ಡ್‌ವೇರ್ ಅಥವಾ ಓಎಸ್ ತೊಂದರೆ ಇರಬಹುದು’ ಎಂದು ತಿಳಿಸುತ್ತದೆ.

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ದೋಷ ತೋರಿಸುವ ಕೆಂಪು ಸಾಲು ಬಂದ ತಕ್ಷಣ ರ‍್ಯಾಮ್ ಎಸೆಯಬೇಡಿ. ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಸ್ಲಾಟ್ ಬದಲಿಸಿ. ಮಲೆನಾಡಿನ ತೇವಕ್ಕೆ ಕಾಂಟ್ಯಾಕ್ಟ್‌ಗಳ ಮೇಲೆ ಕೊಳೆ ಕೂರುತ್ತದೆ, ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಸ್ವಲ್ಪ ಜಾಗ ಮಾತ್ರ ಕೆಟ್ಟಿದ್ದರೆ ಲಿನಕ್ಸನ್ನು ಶುರುಮಾಡುವ ಗ್ರಬ್‌ನ ‘ಬ್ಯಾಡ್‌ರ‍್ಯಾಮ್’ ಸೆಟ್ಟಿಂಗ್‌ನಲ್ಲಿ ಆ ವಿಳಾಸಗಳನ್ನು ಬಳಸದಂತೆ ಮಾಡಬಹುದು.

ಬಿಸಿಯನ್ನೂ ನೋಡಿ. ಹಾಸನದ ಹವೆ ತಂಪಾದರೂ ಫ್ಯಾನ್‌ನಲ್ಲಿ ಧೂಳು ತುಂಬಿ ಥರ್ಮಲ್ ಪೇಸ್ಟ್ ಒಣಗಿದ್ದರೆ ಸಿಪಿಯು ಕುದಿಯುತ್ತದೆ, ಆಗಲೂ ಬಿಲ್ಡ್ ಹೀಗೇ ಬೀಳಬಹುದು.

ಲಾಗ್‌ನಲ್ಲಿ ‘ಕಿಲ್ಡ್’ ಎಂದಿದ್ದರೆ ಕತೆ ಬೇರೆ. ಮೆಮೊರಿ ಸಾಲದೆ ಕರ್ನಲ್ಲೇ ಕಂಪೈಲರನ್ನು ಕೊಂದಿರುತ್ತದೆ, ಕರ್ನಲ್‌ನ ಸಂದೇಶ ತೋರಿಸುವ ‘ಡಿಮೆಸೆಜ್’ (dmesg) ನೋಡಿದರೆ ಗೊತ್ತಾಗುತ್ತದೆ. ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಹಾಕಿ, ಕಾನ್ಫಿಗ್‌ನಲ್ಲಿ ಡೀಬಗ್ ಇನ್ಫೋ ಆಫ್ ಮಾಡಿ. ಡಿಸ್ಟ್ರೋದ ಕಾನ್ಫಿಗ್ ಹಾಗೇ ತೆಗೆದುಕೊಂಡರೆ ನಿಮ್ಮಲ್ಲಿಲ್ಲದ ಸಾವಿರಾರು ಡ್ರೈವರ್‌ಗಳೂ ಕಂಪೈಲ್ ಆಗುತ್ತವೆ. ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಆದೇಶ ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ (ಡ್ರೈವರ್‌ನಂಥ ಕರ್ನಲ್ ತುಂಡುಗಳು) ಉಳಿಸುತ್ತದೆ. ಅದಕ್ಕೂ ಮೊದಲು ವೈಫೈ ಆನ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಇಲ್ಲದಿದ್ದರೆ ಅವುಗಳ ಡ್ರೈವರ್‌ಗಳೂ ಬಿಟ್ಟುಹೋಗುತ್ತವೆ.

ಮಳೆಗಾಲದಲ್ಲಿ ನಮ್ಮ ಕಡೆ ಇನ್ನೊಂದು ಕಾಟ ಜಾಸ್ತಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ನಡೆಯುವಾಗ ಕರೆಂಟ್ ಹೋದರೆ ಕೆಲವು ಆಬ್ಜೆಕ್ಟ್ ಫೈಲ್‌ಗಳು (ಕಂಪೈಲ್ ಆದ ತುಂಡುಗಳು) ಸೊನ್ನೆ ಬೈಟ್ ಆಗಿ ಉಳಿಯಬಹುದು. ‘ಮೇಕ್’ ನೋಡುವುದು ಫೈಲ್‌ನ ಸಮಯವನ್ನು. ಹೊಸದಾಗಿದೆ ಅಂತ ಅದನ್ನು ಹಾಗೇ ಬಿಡುತ್ತದೆ, ಕೊನೆಗೆ ಆ ತುಂಡುಗಳನ್ನು ಜೋಡಿಸುವ ಲಿಂಕರ್ ‘ಫೈಲ್ ಟ್ರಂಕೇಟೆಡ್’ (ಫೈಲ್ ಪೂರ್ತಿ ಇಲ್ಲ) ಎನ್ನುತ್ತದೆ. ಸೊನ್ನೆ ಬೈಟ್ ಆಬ್ಜೆಕ್ಟ್‌ಗಳನ್ನು ಹುಡುಕಿ ಅಳಿಸಿ, ಇಲ್ಲವೇ ‘ಮೇಕ್ ಕ್ಲೀನ್’ ಮಾಡಿ. ಮದರ್‌ಬೋರ್ಡ್‌ನ ಸೆಲ್ ಸತ್ತು ತಾರೀಖು ಹಿಂದೆ ಹೋಗಿದ್ದರೂ ಇದೇ ಗೋಳು. ‘ಕ್ಲಾಕ್ ಸ್ಕ್ಯೂ’ ಎಂಬ ಎಚ್ಚರಿಕೆ ಕಂಡರೆ ಮೊದಲು ಗಡಿಯಾರ ಸರಿಮಾಡಿ.

ಇಷ್ಟಾದರೂ ಆಗದಿದ್ದರೆ ಕಾಲೇಜಿನ ಲ್ಯಾಬ್‌ನಲ್ಲಿ ಬಿಲ್ಡ್ ಮಾಡಿ. ನಿಮ್ಮ ಡಿಸ್ಟ್ರೋ ಡೆಬಿಯನ್ ಆದರೆ ‘ಮೇಕ್ ಬಿನ್‌ಡೆಬ್-ಪಿಕೆಜಿ’ ಎಂಬ ಆದೇಶ ಕರ್ನಲ್‌ನ ಪ್ಯಾಕೇಜ್ ಮಾಡಿಕೊಡುತ್ತದೆ, ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಳ್ಳಿ. ಅಲ್ಲಿ ‘ಮಾರ್ಚ್ ನೇಟಿವ್’ (-march=native, ಬಿಲ್ಡ್ ನಡೆಯುವ ಕಂಪ್ಯೂಟರಿನ ಸಿಪಿಯುಗೇ ಹೊಂದಿಸುವ ಆಯ್ಕೆ) ಮಾತ್ರ ಬೇಡ. ನಿಮ್ಮ ಸಿಪಿಯುನಲ್ಲಿ ಎವಿಎಕ್ಸ್‌ನಂಥ ಹೊಸ ಸೂಚನೆಗಳಿಲ್ಲ, ಅವು ಇಂಟೆಲ್ ಸಿಪಿಯುಗಳಿಗೆ ಬಂದದ್ದೇ 2011ರಲ್ಲಿ.