ಹೈದರ್ ಎಂದರೆ ಏನರ್ಥ? 'ಹೈದರ್ ಅಲಿ' ಎಂದು ಜೋಡಿಯಾಗಿ ಇಡುವುದೇಕೆ?

ಹೈದರ್ ಎಂದರೆ ಅರಬ್ಬಿಯಲ್ಲಿ ಸಿಂಹ. ಪ್ರವಾದಿ ಮುಹಮ್ಮದರ ಅಳಿಯ ಅಲಿಯವರಿಗೆ ಇದು ಇನ್ನೊಂದು ಹೆಸರು. ಅದಕ್ಕೇ ಎರಡೂ ಜೊತೆಯಾಗಿ ಬರುತ್ತವೆ. ನಮ್ಮ ಹಳ್ಳಿಯ 'ಹೈದ'ನಿಗೂ ಇದಕ್ಕೂ ಸಂಬಂಧವಿಲ್ಲ, ಅದು ಹುಡುಗ ಅಷ್ಟೇ!

ಅರಬ್ಬಿಯಲ್ಲಿ ಸಿಂಹಕ್ಕೆ ಒಂದೆರಡಲ್ಲ, ಹತ್ತಾರು ಪದಗಳಿವೆ. ಅಸದ್, ಲೈಸ್, ಅಬ್ಬಾಸ್, ಉಸಾಮಾ ಎಲ್ಲವೂ ಸಿಂಹವೇ. ಮಗ ಧೈರ್ಯವಂತನಾಗಲಿ ಅಂತ ಇಡುವ ಹೆಸರುಗಳು. ಅಲಿಯವರ ತಾಯಿಯ ತಂದೆಯ ಹೆಸರೇ ಅಸದ್. 628ರ ಖೈಬರ್ ಕಾಳಗದಲ್ಲಿ ಅಲಿ ಎದುರಾಳಿಗೆ "ನನ್ನ ತಾಯಿ ನನಗೆ ಹೈದರ್ ಎಂದು ಹೆಸರಿಟ್ಟಳು" ಎಂದು ಸವಾಲು ಹಾಕಿದರೆಂದು ಹದೀಸ್, ಅಂದರೆ ಪ್ರವಾದಿಯವರ ಕಾಲದ ಮಾತು-ನಡೆಗಳ ಸಂಗ್ರಹ, ಹೇಳುತ್ತದೆ. ಆ ಸವಾಲಿನಿಂದಲೇ ಹೆಸರಿಗೆ ಇಷ್ಟು ತೂಕ ಬಂತು ಅನ್ನಬಹುದು.

ನಮ್ಮಲ್ಲಿ ಹೈದರ್ ಅಂದ ಕೂಡಲೇ ನೆನಪಾಗುವುದು ಶ್ರೀರಂಗಪಟ್ಟಣದ ಹೈದರ್ ಅಲಿ, ಅಲ್ವಾ? ಅವನ ಚಿನ್ನದ ವರಹ ಸಿಕ್ಕರೆ ತಿರುಗಿಸಿ ನೋಡಿ. ಒಂದು ಕಡೆ ಇಕ್ಕೇರಿ ನಾಯಕರ ನಾಣ್ಯದಲ್ಲಿದ್ದ ಹಾಗೇ ಶಿವ-ಪಾರ್ವತಿ. ಇನ್ನೊಂದು ಕಡೆ ಒಂದೇ ಒಂದು ಅಕ್ಷರ: 'ಹೈದರ್' ಶುರುವಾಗುವ ಅರಬ್ಬಿ 'ಹ'. ಅದನ್ನು ಗಂಟಲಿನ ಆಳದಿಂದ, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ಹೇಳಬೇಕು. ನಾವು ಸುಮ್ನೆ ನಮ್ಮ 'ಹ'ದಲ್ಲೇ ಹೇಳುತ್ತೇವೆ.

ಮಗ ಟಿಪ್ಪು ಹುಲಿಯನ್ನು ಲಾಂಛನ ಮಾಡಿಕೊಂಡ. ಆದರೂ ಅವನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಕೆತ್ತಿದ್ದು 'ದೇವರ ಸಿಂಹವೇ ವಿಜಯಿ' ಅನ್ನುವ ಅರಬ್ಬಿ ಮಾತು. ಆ ಸಿಂಹವೂ ಅಲಿಯೇ.